ಸಿನ್ಸ್ ಎಲ್ಲಿ, ಫಾರ್ ಎಲ್ಲಿ?

ಪ್ರಶ್ನೆ: ‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ’ ಅನ್ನುವುದಕ್ಕೆ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರೆದೆ. ತಪ್ಪು ಅಂದರು. ಎಲ್ಲಿ ತಪ್ಪಿದೆ?

ಉತ್ತರ: ಎರಡು ಕಡೆ ತಿದ್ದಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಅಂದರೆ ಸರಿ.

ನಮ್ಮಲ್ಲಿ ‘2019ರಿಂದ’ ಅಂದರೂ, ‘ಐದು ವರ್ಷದಿಂದ’ ಅಂದರೂ ಕೊನೆಗೆ ಬರುವುದು ‘ಇಂದ’ ಒಂದೇ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಯಾವಾಗ ಶುರುವಾಯಿತು ಅಂತ ಹೇಳುವಾಗ ಸಿನ್ಸ್, ಎಷ್ಟು ಕಾಲ ನಡೆಯಿತು ಅಂತ ಹೇಳುವಾಗ ಫಾರ್.

ಗೊಂದಲವಾದರೆ ಕನ್ನಡದಲ್ಲೇ ಪ್ರಶ್ನೆ ಹಾಕಿಕೊಳ್ಳಿ. ‘ಯಾವಾಗಿನಿಂದ?’ ಅಂತ ಕೇಳಿದಾಗ ಸಿಗುವ ಉತ್ತರಕ್ಕೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಚೈಲ್ಡ್‌ಹುಡ್. ‘ಎಷ್ಟು ದಿನದಿಂದ, ಎಷ್ಟು ಹೊತ್ತಿನಿಂದ?’ ಅಂತ ಕೇಳಿದಾಗ ಸಿಗುವ ಉತ್ತರಕ್ಕೆ ಫಾರ್: ಫಾರ್ ಟೂ ಅವರ್ಸ್. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಹಾಗಾಗಿ ‘ಸಿನ್ಸ್ 1973’ ಅನ್ನಬಹುದು, ‘ಫಾರ್ ಮೋರ್ ದ್ಯಾನ್ ಫಿಫ್ಟಿ ಇಯರ್ಸ್’ ಅಂತಲೂ ಅನ್ನಬಹುದು.

ಜಾಸ್ತಿ ಜನ ಎಡವುವುದು ‘ಲಾಸ್ಟ್’ ಬಂದಾಗ. ‘ಸಿನ್ಸ್ ಲಾಸ್ಟ್ ಇಯರ್’ ಸರಿ, ಏಕೆಂದರೆ ಹೋದ ವರ್ಷ ಅನ್ನುವುದು ಇಲ್ಲಿ ಶುರುವಾದ ಹೊತ್ತು. ‘ಸಿನ್ಸ್ ಲಾಸ್ಟ್ ಟೂ ಇಯರ್ಸ್’ ಸರಿಯಲ್ಲ. ಎರಡು ವರ್ಷ ಎಂದ ಕೂಡಲೇ ಅದು ಅವಧಿ ಆಯಿತು, ‘ಫಾರ್ ದ ಲಾಸ್ಟ್ ಟೂ ಇಯರ್ಸ್’ ಅನ್ನಬೇಕು. ‘ಸಿನ್ಸ್ ಲಾಂಗ್’ ಕೂಡ ಬೇಡ, ‘ಫಾರ್ ಎ ಲಾಂಗ್ ಟೈಮ್’ ಅನ್ನಿ.

ಇನ್ನೊಂದು ತಪ್ಪು ಕ್ರಿಯಾಪದದ್ದು. ಹಿಂದೆ ಶುರುವಾದ ಕೆಲಸ ಈಗಲೂ ನಡೆಯುತ್ತಿದ್ದರೆ ಕನ್ನಡಕ್ಕೆ ‘ಮಾಡುತ್ತಿದ್ದೇನೆ’ ಸಾಕು. ಇಂಗ್ಲಿಷ್‌ಗೆ ‘ಹ್ಯಾವ್ ಬೀನ್’ ಬೇಕು. ಕೆಲಸದ ಅರ್ಜಿ ಬರೆಯುವವರು ಇದನ್ನು ದಯವಿಟ್ಟು ಗಮನಿಸಿ. ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದು ಬರೆದರೆ ನೀವು ಆ ಕೆಲಸ ಬಿಟ್ಟಿದ್ದೀರಿ ಎಂದೇ ಓದುವವರು ತಿಳಿಯುತ್ತಾರೆ. ಬಿಟ್ಟ ಕೆಲಸದ ವರ್ಷಗಳನ್ನು ಹೇಳಲು ಸಿನ್ಸ್ ಬೇಡ, ‘ಫ್ರಮ್ 2015 ಟು 2019’ ಎಂದು ಬರೆಯಿರಿ.

ಫಾರ್ ಯಾವ ಕಾಲದ ಜೊತೆಗೂ ಹೊಂದಿಕೊಳ್ಳುತ್ತದೆ. ‘ಐ ವಿಲ್ ಸ್ಟೇ ಫಾರ್ ಟೂ ಡೇಸ್’ ಅಂದರೂ ಸರಿಯೇ.

ಸಿನ್ಸ್ ಎರಡು ವಾಕ್ಯಗಳನ್ನೂ ಜೋಡಿಸುತ್ತದೆ. ಆಗ ಅದಕ್ಕೆ ‘ಏಕೆಂದರೆ’ ಎಂಬ ಅರ್ಥವೂ ಬರಬಹುದು. ‘ಸಿನ್ಸ್ ಹಿ ಲೆಫ್ಟ್, ವಿ ಹ್ಯಾವ್ ಹ್ಯಾಡ್ ಮೋರ್ ವರ್ಕ್’ ಎಂದಾಗ, ಅವನು ಹೋದ ಮೇಲೆ ಕೆಲಸ ಹೆಚ್ಚಾಯಿತೋ, ಅವನು ಹೋದದ್ದಕ್ಕೇ ಹೆಚ್ಚಾಯಿತೋ ತಿಳಿಯುವುದಿಲ್ಲ. ಕಾರಣವನ್ನೇ ಹೇಳಬೇಕಿದ್ದರೆ ಇಂಥ ಕಡೆ ‘ಬಿಕಾಸ್’ ಬಳಸಿ.