ಹೈಡ್ರಿಲ್ಲಾ ಕಾಡಲ್ಲಿ ಪ್ಲಾಸ್ಟಿಕ್ ಕಪ್ಪೆ

ಫ್ಲೋರಿಡಾದ ಒಕೀಚೋಬಿ ಕೆರೆಯ ವಿಸ್ತೀರ್ಣ ಸುಮಾರು 1,890 ಚದರ ಕಿಲೋಮೀಟರ್. ಹಿಂದಿನ ಬಿಬಿಎಂಪಿ ವ್ಯಾಪ್ತಿಯ ಬೆಂಗಳೂರಿನಂಥ ಎರಡೂವರೆ ಊರುಗಳನ್ನು ಅದರಲ್ಲಿ ಇಡಬಹುದು. ಆದರೆ ಮುಳುಗಿಸಲು ಆಗುವುದಿಲ್ಲ. ಸರಾಸರಿ ಆಳ ಬರೀ 2.7 ಮೀಟರ್. ಒಂದಂತಸ್ತಿನ ಮನೆಯ ತಾರಸಿ ಕೂಡ ನೀರಿನ ಮೇಲೇ ಉಳಿಯುತ್ತದೆ. ಅಂಚಿನ ಕಡೆ ನೀರು ಇನ್ನೂ ಕಡಿಮೆ. ಅಲ್ಲಿ ಬಿಸಿಲು ತಳ ಮುಟ್ಟುತ್ತದೆ, ಜೊಂಡು, ಆಪು, ನೀರಹುಲ್ಲು ಕಣ್ಣು ಹಾಯುವಷ್ಟು ದೂರ ಹಬ್ಬಿಕೊಂಡಿವೆ.

ಗಾಳ ಹಾಕುವ ಅಮೆರಿಕನ್ನರಿಗೆ ಇದು ಯಾತ್ರಾಸ್ಥಳ. ಅವರು ಹುಡುಕಿಕೊಂಡು ಬರುವುದು ಲಾರ್ಜ್‌ಮೌತ್ ಬಾಸ್ ಎಂಬ ಮೀನನ್ನು. ಮೈ ಹಸಿರು, ಪಕ್ಕದಲ್ಲಿ ಉದ್ದಕ್ಕೂ ಒಂದು ಕಪ್ಪು ಪಟ್ಟೆ, ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುವ ಬಾಯಿ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್ ತೂಗಿತ್ತು, ಅಂದರೆ ಹತ್ತು ಕಿಲೋ ಚಿಲ್ಲರೆ. 2009ರಲ್ಲಿ ಜಪಾನಿನ ಬಿವಾ ಕೆರೆಯಲ್ಲಿ ಮನಾಬು ಕುರಿಟಾ ಹಿಡಿದ ಮೀನು ಆ ದಾಖಲೆಯನ್ನು ಸರಿಗಟ್ಟಿತು. ಇಂಥ ಮೀನಿನ ಆಸೆಗೆ ಜನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಗೋಡೆ ತುಂಬಾ ಲ್ಯೂರ್‌ಗಳು, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆಗಳು. ಮೀನಿನ ಆಕಾರದ್ದು, ಹುಳದ ಆಕಾರದ್ದು, ಕಪ್ಪೆ, ಇಲಿ, ಯಾವುದಕ್ಕೂ ಹೋಲದ ತಗಡಿನ ಚೂರು. ಒಂದೊಂದಕ್ಕೂ ಇಪ್ಪತ್ತು ಬಣ್ಣ. ಹೊಸಬರು ಬಣ್ಣ ನೋಡಿ ಕೊಳ್ಳುತ್ತಾರೆ. ಕಳೆ ತುಂಬಿದ ನೀರಿಗೆ ಹೋಗುವವರು ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ವಾದ. ಈ ಲ್ಯೂರ್ ಕಳೆಯೊಳಗೆ ದಾರಿ ಮಾಡಿಕೊಂಡು ಹೋಗುತ್ತದಾ? ಮೊದಲು ಕೇಳಬೇಕಾದ್ದು ಇದನ್ನೇ. ಮೀನಿಗೆ ಅದರ ಸುಳಿವು ಹೇಗೆ ಸಿಗುತ್ತದೆ ಅನ್ನುವುದು ಆಮೇಲೆ.

ಕಳೆ ಅಂದೆ. ಈ ಕಳೆಗಳ ಪೈಕಿ ಹೆಸರುವಾಸಿಯಾದ ಒಂದಕ್ಕೂ ನಮಗೂ ನಂಟಿದೆ. ಹೈಡ್ರಿಲ್ಲಾ ಎಂಬ ನೀರೊಳಗಿನ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆಂದು ಫ್ಲೋರಿಡಾಕ್ಕೆ ಬಂತು. ಯಾರೋ ಕಾಲುವೆಗೆ ಎಸೆದರು. 1960ರ ಹೊತ್ತಿಗೆ ಕ್ರಿಸ್ಟಲ್ ನದಿಯಲ್ಲೂ ಮಯಾಮಿಯ ಕಾಲುವೆಯಲ್ಲೂ ಬೆಳೆಯುತ್ತಿತ್ತು. ಶ್ರೀಲಂಕಾದಿಂದ ತರಿಸಿದ ಗಿಡ ಅಂತ ಮೊದಲಿಂದಲೂ ಹೇಳುತ್ತಿದ್ದರು. 1997ರಲ್ಲಿ ಬೇರೆ ಬೇರೆ ದೇಶಗಳ ಹೈಡ್ರಿಲ್ಲಾದ ಡಿಎನ್‌ಎ ಹೋಲಿಸಿ ನೋಡಿದರು. ಫ್ಲೋರಿಡಾದ ಗಿಡಕ್ಕೆ ತೀರಾ ಹತ್ತಿರದ ನೆಂಟ ಅಂತ ಸಿಕ್ಕಿದ್ದು ಬೆಂಗಳೂರಿನಿಂದ ತಂದ ಮಾದರಿ! ಅಲ್ಲಿರುವ ಈ ತಳಿಯ ಗಿಡಗಳೆಲ್ಲ ಹೆಣ್ಣು. ಬೀಜದ ಗೊಡವೆಯೇ ಇಲ್ಲದೆ, ಬರೀ ಮುರಿದ ತುಂಡುಗಳಿಂದ, ಮಣ್ಣಲ್ಲಿ ಹೂತ ಪುಟ್ಟ ಗೆಡ್ಡೆಗಳಿಂದ ಇಷ್ಟೆಲ್ಲ ಹಬ್ಬಿದೆ. ದಿನಕ್ಕೆ ಎರಡೂವರೆ ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಪೂರ್ತಿ ಬಿಸಿಲಿನ ನೂರರಲ್ಲಿ ಒಂದು ಪಾಲು ಬೆಳಕು ಸಿಕ್ಕರೂ ಸಾಕು. ಮೇಲ್ಮೈ ಮುಟ್ಟಿದ ಮೇಲೆ ಅಡ್ಡಡ್ಡ ಕವಲೊಡೆದು ಚಾಪೆ ಹಾಸಿಬಿಡುತ್ತದೆ. ದೋಣಿಯ ಮೋಟಾರಿಗೆ ಸುತ್ತಿಕೊಳ್ಳುತ್ತದೆ, ಕಾಲುವೆ ಕಟ್ಟುತ್ತದೆ. ಸರ್ಕಾರ ವರ್ಷವರ್ಷವೂ ಕೋಟಿಗಟ್ಟಲೆ ಸುರಿದು ಅದನ್ನು ಹತೋಟಿಯಲ್ಲಿಡಲು ಒದ್ದಾಡುತ್ತಿದೆ. ಬಾಸ್ ಹಿಡಿಯುವವರು ಮಾತ್ರ ಒಳಗೊಳಗೇ ಖುಷಿಪಡುತ್ತಾರೆ.

ಖುಷಿಗೆ ಕಾರಣ ಇದೆ. 1982ರಲ್ಲಿ ಸವಿನೋ ಮತ್ತು ಸ್ಟೈನ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ತೊಟ್ಟಿಗಳಲ್ಲಿ ಕೃತಕ ಗಿಡಗಳನ್ನು ನೆಟ್ಟು ಬಾಸನ್ನೂ ಅದು ತಿನ್ನುವ ಬ್ಲೂಗಿಲ್ ಎಂಬ ಸಣ್ಣ ಮೀನನ್ನೂ ಬಿಟ್ಟರು. ಚದರ ಮೀಟರಿಗೆ 50 ಕಾಂಡ ಇದ್ದಾಗ ಬಾಸ್ ಬಯಲಿನಲ್ಲಿ ಹಿಡಿದಷ್ಟೇ ಮೀನು ಹಿಡಿಯಿತು. ಕಾಂಡ 250 ಆದಾಗ, 1,000 ಆದಾಗ ಬೇಟೆ ಹೆಚ್ಚುಕಮ್ಮಿ ನಿಂತೇ ಹೋಯಿತು. ಜೊತೆಗೆ ಬಾಸ್‌ನ ರೀತಿಯೂ ಬದಲಾಯಿತು. ಬಯಲಲ್ಲಿ ಹುಡುಕಿಕೊಂಡು ಅಲೆಯುತ್ತಿದ್ದ ಮೀನು ದಟ್ಟ ಗಿಡದ ನಡುವೆ ಒಂದು ಕಡೆ ನಿಂತು ಹೊಂಚು ಹಾಕತೊಡಗಿತು.

ಗಾಳಗಾರನಿಗೆ ಬೇಕಾದ ವಿಷಯ ಅರ್ಧಕ್ಕರ್ಧ ಇದರಲ್ಲೇ ಇದೆ. ದಟ್ಟ ಕಳೆಯಲ್ಲಿರುವ ಬಾಸ್ ನಿಮ್ಮ ಲ್ಯೂರ್ ಹುಡುಕಿಕೊಂಡು ಬರುವುದಿಲ್ಲ. ನೀವೇ ಅದರ ಮೂತಿಯ ಹತ್ತಿರಕ್ಕೆ ಒಯ್ಯಬೇಕು. ಕಳೆಯ ಅಂಚು, ನಡುವಿನ ಸಂದು, ಚಾಪೆಯಲ್ಲಿ ಬಿದ್ದ ತೂತು, ಜೊಂಡು ಮುಗಿದು ಹುಲ್ಲು ಶುರುವಾಗುವ ಗಡಿ. ಹೊಂಚಿಗೆ ಇಂಥ ಜಾಗವೇ ಬೇಕು. ಈ ಜಾಗಗಳಿಗೇ ಲ್ಯೂರ್ ಹೋಗುವುದು ಕಷ್ಟ.

ಮೂರು ಮೊನೆಯ ಕೊಕ್ಕೆಗಳು ತೂಗಾಡುವ ಮರದ ಮೀನನ್ನು ಇಲ್ಲಿಗೆ ಎಸೆದರೆ ಮೊದಲ ಎಳೆತಕ್ಕೇ ಅರ್ಧ ಕಿಲೋ ಹುಲ್ಲು ಬರುತ್ತದೆ. ಗಾಳದ ಮೊನೆ ಮೀನಿಗೆ ತೆರೆದಿರಬೇಕು, ಹುಲ್ಲಿಗೆ ಮುಚ್ಚಿರಬೇಕು. ಕಳೆನೀರಿನ ಲ್ಯೂರ್‌ಗಳೆಲ್ಲ ಈ ಒಂದು ತಕರಾರಿಗೆ ಜನ ಕಂಡುಕೊಂಡ ಬೇರೆ ಬೇರೆ ಉತ್ತರಗಳು.

ಎಲ್ಲಕ್ಕಿಂತ ಸರಳವಾದದ್ದು ಪ್ಲಾಸ್ಟಿಕ್ ಹುಳು. 1949ರಲ್ಲಿ ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬಾತ ಮೆತ್ತನೆ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದು ಎರೆಹುಳು ಮಾಡಿದ. ಟೆಕ್ಸಸ್‌ನ ಗಾಳಗಾರರು ಅದನ್ನು ಗಾಳಕ್ಕೆ ಸಿಕ್ಕಿಸುವ ರೀತಿಯನ್ನು ಕಂಡುಕೊಂಡರು. ಗಾಳದ ಮೊನೆಯನ್ನು ಹುಳದ ತಲೆಯೊಳಗೆ ಅರ್ಧ ಸೆಂಟಿಮೀಟರ್ ಚುಚ್ಚಿ ಪಕ್ಕದಿಂದ ಹೊರಕ್ಕೆ ತೆಗೆಯಬೇಕು. ಗಾಳದ ಕಣ್ಣು ತಲೆಯೊಳಗೆ ಸೇರುವವರೆಗೆ ಎಳೆದು, ಗಾಳವನ್ನು ಅರ್ಧ ಸುತ್ತು ತಿರುಗಿಸಿ, ಮೊನೆಯನ್ನು ವಾಪಸ್ ಹುಳದ ಮೈಯೊಳಗೆ ಹೂಳಬೇಕು. ಸೀರೆ ಮಡಿಕೆಯೊಳಗೆ ಪಿನ್ನಿನ ಮೊನೆ ಅಡಗುತ್ತದಲ್ಲ, ಹಾಗೆ. ಹುಳು ನೆಟ್ಟಗಿರಬೇಕು. ಸೊಟ್ಟಗಾದರೆ ಎಳೆದಾಗ ಗಿರಗಿರ ತಿರುಗಿ ದಾರ ಹುರಿಯಾಗುತ್ತದೆ. ಮೀನು ಕಚ್ಚಿದಾಗ ಮೆತ್ತನೆ ಮೈ ಅಮುಕಿಕೊಂಡು ಮೊನೆ ಹೊರಗೆ ಬರುತ್ತದೆ. ಮುಂದೆ ಬಂದೂಕಿನ ಗುಂಡಿನ ಆಕಾರದ ಭಾರ ಒಂದಿರುತ್ತದೆ, ಅದು ಹುಲ್ಲನ್ನು ಸರಿಸಿ ದಾರಿ ಮಾಡುತ್ತದೆ. ಜೊಂಡಿನಂಥ ನೆಟ್ಟನೆ ಕಾಂಡಗಳ ನಡುವೆ ಇಳಿಬಿಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಮೇಲೆ ಚಾಪೆ ಹಾಸಿಬಿಟ್ಟಿದ್ದರೆ? ಆಗ ಎರಡೇ ದಾರಿ. ಒಂದೋ ತೂರಿ ಒಳಗೆ ಹೋಗಬೇಕು, ಇಲ್ಲಾ ಮೇಲೇ ನಡೆಯಬೇಕು.

ತೂರಿ ಹೋಗಲು ಅದೇ ಹುಳು ಅಥವಾ ಸೀಗಡಿಯಂಥ ಪುಟ್ಟ ಪ್ಲಾಸ್ಟಿಕ್ ಲ್ಯೂರ್, ಜೊತೆಗೆ 28ರಿಂದ 42 ಗ್ರಾಮಿನ ಭಾರ. ಇಲ್ಲಿ ಟಂಗ್‌ಸ್ಟನ್ನಿಗೆ ಬೆಲೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಟಂಗ್‌ಸ್ಟನ್ನಿನದು 19.3. ಅದೇ ತೂಕದ ಗುಂಡು ಚಿಕ್ಕದಾಗುತ್ತದೆ, ಚಿಕ್ಕ ತೂತಲ್ಲಿ ನುಗ್ಗುತ್ತದೆ. ಸೀಸಕ್ಕೆ ಇನ್ನೊಂದು ತೊಂದರೆಯೂ ಇದೆ. ಕಳೆದುಹೋದ ಗುಂಡುಗಳನ್ನು ನುಂಗಿ ಲೂನ್ ಎಂಬ ನೀರಹಕ್ಕಿಗಳು ಸಾಯುತ್ತವೆ. ಅದಕ್ಕೇ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಸಣ್ಣ ಸೀಸದ ಗುಂಡುಗಳಿಗೆ ನಿಷೇಧ ಇದೆ. ದಾರವೂ ಮಾಮೂಲಿ ನೈಲಾನ್ ಆದರೆ ಕೆಲಸ ಆಗದು. ಅದು ಹಿಗ್ಗುತ್ತದೆ. ಪಾಲಿಎಥಿಲಿನ್ ಎಳೆಗಳನ್ನು ಹೆಣೆದು ಮಾಡಿದ ದಾರ ಹಿಗ್ಗುವುದು ತೀರಾ ಕಡಿಮೆ. ಎಳೆದಾಗ ಅದೇ ಹುಲ್ಲನ್ನು ಕೊಯ್ಯುತ್ತಾ ಬರುತ್ತದೆ.

ಮೇಲೆ ನಡೆಯುವುದು ಕಪ್ಪೆಯ ಕೆಲಸ. ಮರದ ಕಪ್ಪೆಗಳ ಕಾಲ ಹಳೆಯದು. ಮಿಷಿಗನ್‌ನ ಜೇಮ್ಸ್ ಹೆಡನ್ 19ನೇ ಶತಮಾನದ ಕೊನೆಯಲ್ಲೇ ಅವನ್ನು ಕೆತ್ತುತ್ತಿದ್ದ. ಆತ ಮೂಲತಃ ಜೇನು ಸಾಕುವವನು, ಹೊಸ ಥರದ ಜೇನುಪೆಟ್ಟಿಗೆಗೆ ಪೇಟೆಂಟ್ ಪಡೆದವನು. ಈಗಿನ ಕಪ್ಪೆ ಒಳಗೆ ಟೊಳ್ಳು. ಮೆತ್ತನೆ ಪ್ಲಾಸ್ಟಿಕ್ ಮೈ, ಬೆನ್ನಿಗೆ ಒತ್ತಿಕೊಂಡು ಮಲಗಿದ ಎರಡು ಗಾಳ. ಮೊನೆಗಳು ಮೇಲ್ಮುಖ, ಆದ್ದರಿಂದ ಕೆಳಗಿನ ಹುಲ್ಲಿಗೆ ಸಿಗುವುದಿಲ್ಲ. ಬಾಯಿ ಮುಚ್ಚಿದಾಗ ಟೊಳ್ಳು ಮೈ ಚಪ್ಪಟೆಯಾಗುತ್ತದೆ, ಮೊನೆಗಳು ಎದ್ದು ನಿಲ್ಲುತ್ತವೆ.

ಕಪ್ಪೆ ಹಾಕಿದವರೆಲ್ಲರದ್ದೂ ಒಂದೇ ದೂರು. ಮೀನು ಬಡಿಯುತ್ತದೆ, ಹುಲ್ಲು ಹಾರುತ್ತದೆ, ಗಾಳ ಖಾಲಿ ಬರುತ್ತದೆ. ಬಾಸ್ ಹೇಗೆ ತಿನ್ನುತ್ತದೆ ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಅದು ಕಚ್ಚಿ ಹಿಡಿಯುವ ಮೀನಲ್ಲ. ಮುಂದಕ್ಕೆ ನುಗ್ಗುತ್ತಾ ಬಾಯಿಯನ್ನೂ ಗಂಟಲನ್ನೂ ಒಮ್ಮೆಗೇ ಹಿಗ್ಗಿಸುತ್ತದೆ. ಒಳಗೆ ಒತ್ತಡ ಕುಸಿಯುತ್ತದೆ, ನೀರು ಒಳನುಗ್ಗುತ್ತದೆ, ನೀರಿನ ಜೊತೆ ಬೇಟೆಯೂ. ಎಲ್ಲ ಮುಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಈ ಯಂತ್ರ ನಡೆಯುವುದು ನೀರಿನಿಂದ. ಗಾಳಿಗಿಂತ ಸುಮಾರು 800 ಪಟ್ಟು ದಟ್ಟವಾದ ನೀರು ಬೇಟೆಯನ್ನು ಎಳೆದುಕೊಂಡು ಹೋಗಬಲ್ಲದು, ಗಾಳಿಗೆ ಆ ತಾಕತ್ತಿಲ್ಲ. ಚಾಪೆಯ ಮೇಲೆ ಕೂತ ಕಪ್ಪೆಯ ಅರ್ಧ ಮೈ ಗಾಳಿಯಲ್ಲಿ, ಕೆಳಗೆ ಗಿಡದ ಪದರ. ಹೀರಿದಾಗ ಬಾಯಿಗೆ ಮೊದಲು ಬರುವುದು ಹುಲ್ಲು. ಬುಳಕ್ ಅಂತ ಸದ್ದು ಕೇಳಿದ ಕೂಡಲೇ ರಾಡ್ ಎಳೆಯುವವನು ಮೀನು ಬಾಯಿ ಮುಚ್ಚುವ ಮುಂಚೆಯೇ ಕಪ್ಪೆಯನ್ನು ಕಿತ್ತುಕೊಳ್ಳುತ್ತಾನೆ. ಅದಕ್ಕೇ ಪಳಗಿದವರು ದಾರದಲ್ಲಿ ಭಾರ ಗೊತ್ತಾಗುವವರೆಗೆ ಸುಮ್ನೆ ಇರುತ್ತಾರೆ. ಸಾಧ್ಯವಾದಾಗಲೆಲ್ಲ ಕಪ್ಪೆಯನ್ನು ಚಾಪೆಯ ತೂತುಗಳಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ನೀರಿದೆ, ಹೀರುವಿಕೆ ಕೆಲಸ ಮಾಡುತ್ತದೆ.

ಹುಲ್ಲು ಇನ್ನೂ ಮೇಲೆ ಬಂದಿಲ್ಲ, ಒಂದೆರಡು ಅಡಿ ನೀರು ಬಿಟ್ಟು ಕೆಳಗೇ ಇದೆ ಅನ್ನಿ. ಆಗ ಆಟ ಸುಲಭ. ತಗಡಿನ ಎಲೆ ತಿರುಗುವ ಸ್ಪಿನ್ನರ್‌ಬೇಟ್ ಅಥವಾ ಗಡಗಡ ನಡುಗುವ ಚಪ್ಪಟೆ ಕ್ರ್ಯಾಂಕ್‌ಬೇಟನ್ನು ಹುಲ್ಲಿನ ತುದಿ ಸವರುವಂತೆ ಎಳೆಯುವುದು. ಸಿಕ್ಕಿಕೊಂಡರೆ ಝಾಡಿಸಿ ಬಿಡಿಸುವುದು. ಹಾಗೆ ಚಂಗನೆ ಬಿಡಿಸಿಕೊಂಡಾಗಲೇ ಎಷ್ಟೋ ಸಲ ಮೀನು ಬೀಳುತ್ತದೆ.

ಈಗ ಮೀನಿಗೆ ಸುಳಿವು ಸಿಗುವ ಬಗೆ. ಬಾಸ್‌ನ ಮೈಯ ಎರಡೂ ಪಕ್ಕಕ್ಕೆ ಪಾರ್ಶ್ವರೇಖೆ ಇದೆ. ನೀರಿನ ಸಣ್ಣ ಅಲುಗಾಟವನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳ ಸಾಲು ಅದು. ಅದಕ್ಕೆ ಗೊತ್ತಾಗುವುದು ನಿಧಾನವಾದ ಕಂಪನಗಳು, ಅದೂ ತನ್ನ ಮೈಯಷ್ಟು, ಅಬ್ಬಬ್ಬಾ ಅಂದರೆ ಎರಡು ಮೈಯಷ್ಟು ದೂರದವರೆಗೆ. ಅರ್ಧ ಮೀಟರ್ ಉದ್ದದ ಮೀನಿಗೆ ಒಂದು ಮೀಟರ್. ಕಳೆ ದಟ್ಟವಾಗಿದ್ದರೆ, ನೀರು ಕದಡಿದ್ದರೆ ಕಣ್ಣಿನ ಆಟ ನಿಲ್ಲುತ್ತದೆ, ಈ ಒಂದು ಮೀಟರೇ ಅದರ ಲೋಕ. ಅಂಥ ಕಡೆ ಅಲುಗಾಟ ಜಾಸ್ತಿ ಮಾಡುವ, ಮೈ ದಪ್ಪಗಿರುವ ಲ್ಯೂರ್ ಸರಿ. ತಿಳಿನೀರಿನ ತೆಳು ಹುಲ್ಲಿನಲ್ಲಿ ಸಣ್ಣ ಹುಳು ಸಾಕು.

ಬಣ್ಣದ ಮಾತಿಗೆ ಬಂದರೆ, ಬಾಸ್‌ನ ಕಣ್ಣಿನಲ್ಲಿ ಎರಡೇ ಬಗೆಯ ಬಣ್ಣದ ಕೋಶಗಳಿವೆ. ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ ಚುರುಕು. ಅಮೆರಿಕದಲ್ಲಿ ಬಾಸ್‌ಗಳಿಗೆ ತರಬೇತಿ ಕೊಟ್ಟು ಪರೀಕ್ಷೆ ಮಾಡಿದವರು ಇದ್ದಾರೆ. ಕೆಂಪು, ಹಸಿರುಗಳನ್ನು ಅವು ಸಲೀಸಾಗಿ ಗುರುತಿಸಿದವು. ಹೊಳೆಯುವ ಹಳದಿ-ಹಸಿರಿಗೂ ಬಿಳಿಗೂ, ಗಾಢ ನೀಲಿಗೂ ಕಪ್ಪಿಗೂ ವ್ಯತ್ಯಾಸ ಕಾಣಲು ತಡಕಾಡಿದವು. ಅಂಗಡಿ ಗೋಡೆಯಲ್ಲಿ ಅಕ್ಕಪಕ್ಕ ತೂಗುವ ಕಪ್ಪು ಹುಳು, ಕಡುನೀಲಿ ಹುಳುಗಳಿಗೆ ಬೇರೆ ಬೇರೆ ದುಡ್ಡು ಕೊಡುವವರು ನಾವು! ಚಾಪೆಯ ಮೇಲಿನ ಕಪ್ಪೆಯಂತೂ ಕೆಳಗಿನಿಂದ ನೋಡುವ ಮೀನಿಗೆ ಬೆಳಕಿಗೆ ಅಡ್ಡ ಬಂದ ನೆರಳು ಅಷ್ಟೇ. ಬೆನ್ನಿನ ಮೇಲೆ ಬಿಡಿಸಿದ ಚುಕ್ಕಿ, ಗೆರೆ ಎಲ್ಲ ಗಿರಾಕಿಗೆ. ಹೊಟ್ಟೆಯ ಬಣ್ಣ ಒಂದು ಕಪ್ಪು, ಒಂದು ಬಿಳಿ ಇದ್ದರೆ ನನ್ನ ಲೆಕ್ಕದಲ್ಲಿ ಧಾರಾಳ ಆಯ್ತು.

ಯಾವ ಕಳೆಯ ಹತ್ತಿರ ನಿಲ್ಲಬೇಕು ಅನ್ನುವುದೂ ಲ್ಯೂರ್ ಆಯ್ಕೆಯಷ್ಟೇ ಮುಖ್ಯ. ಗಿಡ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಕೊಳೆಯುವ ಗಿಡವೋ, ಬ್ಯಾಕ್ಟೀರಿಯಾಗಳ ಮೂಲಕ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಕಳೆನಾಶಕ ಹೊಡೆದ ಜಾಗದಿಂದ ಬಾಸ್ ದೂರ ಸರಿಯುವುದಕ್ಕೆ ಇದೂ ಒಂದು ಕಾರಣ. ಗಾಳಕ್ಕೆ ಸಿಕ್ಕಿಬಂದ ಕಾಂಡವನ್ನು ಬಿಸಾಡುವ ಮೊದಲು ಮುರಿದು ನೋಡಬೇಕು. ಹಸಿರಾಗಿದ್ದು ಲಟಕ್ಕೆಂದು ಮುರಿದರೆ ಅಲ್ಲೇ ನಿಲ್ಲಬಹುದು. ಕಂದಾಗಿ ಲೋಳೆಲೋಳೆಯಾಗಿ ನಾರುತ್ತಿದ್ದರೆ ದೋಣಿ ತಿರುಗಿಸುವುದೇ ವಾಸಿ.

ಬಾಸ್ ನಮ್ಮ ಕೆರೆಗಳ ಮೀನಲ್ಲ. ಕಳೆಯಲ್ಲಿ ಹೊಂಚು ಹಾಕುವ ಕೆಲಸವನ್ನು ಇಲ್ಲಿ ಕೊರಮೀನು ಮಾಡುತ್ತದೆ. ಇದೇ ಟೊಳ್ಳು ಕಪ್ಪೆಗೆ ಅದೂ ಬೀಳುತ್ತದೆ. ಆದರೆ ಕೊಳೆತ ಕಳೆಯ ನಿಯಮ ಅದಕ್ಕೆ ಅನ್ವಯಿಸದು. ಅದು ಮೇಲೆ ಬಂದು ಗಾಳಿ ಗುಟುಕರಿಸುವ ಮೀನು, ನೀರಲ್ಲಿ ಆಮ್ಲಜನಕ ಕಮ್ಮಿಯಾದರೂ ತಾಳಿಕೊಳ್ಳುತ್ತದೆ. ಕೊರಮೀನಿನ ಏಷ್ಯಾದ ದಾಯಾದಿಯೊಂದು, ಅಂದರೆ ಉತ್ತರದ ಸ್ನೇಕ್‌ಹೆಡ್, 2004ರಿಂದ ವಾಷಿಂಗ್ಟನ್ ಪಕ್ಕದ ಪೊಟೋಮ್ಯಾಕ್ ನದಿಯಲ್ಲಿ ಬೀಡುಬಿಟ್ಟಿದೆ. ಆ ನದಿಯಲ್ಲಿ ಹೈಡ್ರಿಲ್ಲಾ ಕೂಡ ಇದೆ, ಅದು ಕೊರಿಯಾ ಕಡೆಯ ಇನ್ನೊಂದು ತಳಿ. ಅಲ್ಲಿ ಚಾಪೆಯ ಮೇಲೆ ಕಪ್ಪೆ ಎಳೆಯುವವನಿಗೆ ಬಡಿದದ್ದು ಬಾಸೋ ಸ್ನೇಕ್‌ಹೆಡ್ಡೋ ಅಂತ ದೋಣಿಯ ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ. ಬಾಸ್ ಆದರೆ ಸಾಮಾನ್ಯವಾಗಿ ವಾಪಸ್ ನೀರಿಗೆ ಬಿಡುತ್ತಾರೆ. ಸ್ನೇಕ್‌ಹೆಡ್ ಆದರೆ ಜೀವಂತ ಒಯ್ಯುವುದಕ್ಕೆ ಕಾನೂನೇ ಬಿಡುವುದಿಲ್ಲ, ಅಲ್ಲೇ ಕೊಂದು ಮನೆಗೆ ತಂದು ಹುರಿದುಕೊಳ್ಳುತ್ತಾರೆ.