ಹನಿ ಹಾಕಿದರೆ ಕಣ್ಣೇ ಉರಿಯುತ್ತದೆ, ಔಷಧ ನಿಲ್ಲಿಸಬೇಕೇ?

ಓದುಗರ ಪ್ರಶ್ನೆ: ನಮ್ಮ ಅವ್ವನಿಗೆ ಅರವತ್ತೆಂಟು ವರ್ಷ. ಗ್ಲಾಕೋಮಾ ಇದೆ ಎಂದು ಡಾಕ್ಟರು ಎರಡು ಬಗೆಯ ಹನಿ ಬರೆದುಕೊಟ್ಟಿದ್ದಾರೆ. ಒಂದನ್ನು ರಾತ್ರಿ, ಇನ್ನೊಂದನ್ನು ದಿನಕ್ಕೆ ಎರಡು ಸಲ ಹಾಕುತ್ತೇವೆ. ಮೊದಮೊದಲು ಏನೂ ಆಗಲಿಲ್ಲ. ಈಗ ಕೆಲವು ತಿಂಗಳಿಂದ ಹನಿ ಬಿದ್ದ ಕೂಡಲೇ ಉರಿ, ಉಸುಕು ಬಿದ್ದಂತೆ ಚುಚ್ಚುವುದು, ಕೆಳರೆಪ್ಪೆಯ ಚರ್ಮ ಕೆಂಪಾಗಿ ಸಿಪ್ಪೆ ಏಳುವುದು ಶುರುವಾಗಿದೆ. ಔಷಧ ಅವ್ವನಿಗೆ ಒಗ್ಗುತ್ತಿಲ್ಲವೇ? ನಿಲ್ಲಿಸಿಬಿಡೋಣವೇ? (ಯಾದಗಿರಿ ಜಿಲ್ಲೆಯಿಂದ)

ನಿಲ್ಲಿಸಬೇಡಿ. ಉಳಿದ ಮಾತೆಲ್ಲ ಇದರ ನಂತರ. ಗ್ಲಾಕೋಮಾದಲ್ಲಿ ಕಣ್ಣಿನ ಒಳಗಿನ ಒತ್ತಡ ದೃಷ್ಟಿನರವನ್ನು ಸದ್ದಿಲ್ಲದೆ ಸವೆಸುತ್ತದೆ. ಸಾಮಾನ್ಯವಾಗಿ ನೋವು ಇರುವುದಿಲ್ಲ, ಎದುರಿನದು ಬಹುಕಾಲ ಸರಿಯಾಗಿಯೇ ಕಾಣುತ್ತದೆ, ಅಂಚಿನ ನೋಟ ಮಾತ್ರ ಕುಗ್ಗುತ್ತ ಹೋಗುತ್ತದೆ. ಹೋದ ನೋಟ ಯಾವ ಔಷಧಕ್ಕೂ ಮರಳುವುದಿಲ್ಲ. ಹನಿ ಬಿಟ್ಟರೆ ಕೆಲವೇ ದಿನಗಳಲ್ಲಿ ಉರಿ ತಗ್ಗಿ, ಅವ್ವ 'ಈಗ ಆರಾಮ ಇದೆ' ಎನ್ನಬಹುದು. ಆ ಆರಾಮದ ದಿನಗಳಲ್ಲೇ ಒತ್ತಡ ಮತ್ತೆ ಏರುತ್ತಿರುತ್ತದೆ. ಕಲಬುರಗಿಯ ಔಷಧ ಅಂಗಡಿಯೊಂದರಲ್ಲಿ ಕೆಲಸ ಮಾಡುವ ನಾನು ಹೀಗೆ ಹನಿ ಬಿಟ್ಟು, ನೋಟ ಕಳೆದುಕೊಂಡ ಮೇಲೆ ಹಳೆಯ ಚೀಟಿ ಹಿಡಿದು ಬಂದವರನ್ನು ನೋಡಿದ್ದೇನೆ. ಆದ್ದರಿಂದ ಈ ವಾರವೇ ಕಣ್ಣಿನ ಡಾಕ್ಟರ ಬಳಿ ಹೋಗಿ, ಅಲ್ಲಿಯವರೆಗೆ ಹನಿ ಮುಂದುವರಿಯಲಿ. ರೆಪ್ಪೆ ಒಮ್ಮೆಲೇ ಊದಿಕೊಂಡರೆ, ಕಣ್ಣು ತೀವ್ರವಾಗಿ ನೋಯತೊಡಗಿದರೆ, ನೋಟ ಮಸುಕಾದರೆ ಅಥವಾ ಹನಿ ಹಾಕಿದ ಮೇಲೆ ಉಸಿರು ಕಟ್ಟಿದಂತಾದರೆ ಮುಂದಿನ ಹನಿ ಹಾಕದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಎಂಬ ಹನಿ ಆಸ್ತಮಾ ಇದ್ದವರ ಉಸಿರಿಗೆ ತೊಂದರೆ ಮಾಡಬಲ್ಲದು. ಅವ್ವನಿಗೆ ದಮ್ಮು ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

ಈಗ ಉರಿಯ ಕಾರಣಕ್ಕೆ ಬರೋಣ. ಇಂಥ ದೂರಿನಲ್ಲಿ ಎಲ್ಲರೂ ಔಷಧವನ್ನೇ ಶಂಕಿಸುತ್ತಾರೆ. ಆದರೆ ಬಾಟಲಿಯಲ್ಲಿ ಔಷಧದ ಜೊತೆ ಇನ್ನೊಂದು ವಸ್ತು ಇರುತ್ತದೆ: ದ್ರವದಲ್ಲಿ ಸೂಕ್ಷ್ಮಾಣು ಬೆಳೆಯದಂತೆ ತಡೆಯುವ ಸಂರಕ್ಷಕ. ಕಣ್ಣಿನ ಹನಿಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಬೆಂಜಾಲ್ಕೋನಿಯಂ ಕ್ಲೋರೈಡ್. ಅವ್ವನ ಹನಿಯ ರಟ್ಟಿನ ಡಬ್ಬಿಯನ್ನು ಬೆಳಕಿಗೆ ಹಿಡಿದು, ಔಷಧದ ಹೆಸರಿನ ಕೆಳಗಿನ ಸಣ್ಣ ಅಕ್ಷರದ ಸಾಲುಗಳನ್ನು ನೋಡಿ. ಬಿ, ಇ, ಎನ್, ಝಡ್ ಎಂದು ಶುರುವಾಗುವ ಉದ್ದನೆಯ ಹೆಸರು, ಅದರ ಪಕ್ಕದಲ್ಲಿ 'ಪ್ರಿಸರ್ವೇಟಿವ್' ಎಂಬ ಪದ ಇದ್ದರೆ ಅದೇ. ಪ್ರಮಾಣ ತೀರಾ ಕಡಿಮೆ, ಸಾಮಾನ್ಯವಾಗಿ ಶೇಕಡಾ 0.004ರಿಂದ 0.02ರ ನಡುವೆ.

ಇದನ್ನು ಕಂಪನಿಗಳು ಸುಮ್ಮನೆ ಸುರಿಯುವುದಿಲ್ಲ. ಬಾಟಲಿಯ ಮುಚ್ಚಳ ದಿನಕ್ಕೆ ಹಲವು ಸಲ ತೆರೆಯುತ್ತದೆ, ತುದಿ ರೆಪ್ಪೆಗೆ ತಾಗುತ್ತದೆ, ಬೆರಳಿಗೆ ತಾಗುತ್ತದೆ. ಒಳಗೆ ಸೂಕ್ಷ್ಮಾಣು ಸೇರಿ ಬೆಳೆದರೆ ಕಣ್ಣೇ ಹೋಗಬಹುದು. 2023ರಲ್ಲಿ ಅಮೆರಿಕದಲ್ಲಿ ಅದೇ ಆಯಿತು. ಭಾರತದಲ್ಲಿ ತಯಾರಾದ, ಸಂರಕ್ಷಕವಿಲ್ಲದೆಯೇ ಹಲವು ಸಲ ಬಳಸುವ ಬಾಟಲಿಯಲ್ಲಿ ಮಾರಾಟವಾದ ಕೃತಕ ಕಣ್ಣೀರಿನ ಹನಿಯ ನಂಟಿರುವ ಸೋಂಕು 81 ಜನರಲ್ಲಿ ಪತ್ತೆಯಾಯಿತು. ಹಲವರು ದೃಷ್ಟಿ ಕಳೆದುಕೊಂಡರು, ನಾಲ್ವರು ಸತ್ತರು. ಹಾಗಾಗಿ 'ಕೆಮಿಕಲ್ ಇಲ್ಲದ್ದೇ ಒಳ್ಳೆಯದು' ಎಂದು ಮನೆಯಲ್ಲೇ ಗುಲಾಬಿ ನೀರು, ಜೇನುತುಪ್ಪ, ಎದೆಹಾಲು ಹಾಕುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಬೆಂಜಾಲ್ಕೋನಿಯಂ ಕ್ಲೋರೈಡ್ ಸಾಬೂನಿನ ಜಾತಿಯ ರಾಸಾಯನಿಕ. ಈ ಗುಂಪಿನ ವಸ್ತುಗಳ ಸೂಕ್ಷ್ಮಾಣುನಾಶಕ ಗುಣವನ್ನು 1935ರಲ್ಲಿ ವಿವರಿಸಿದವರು ಜರ್ಮನಿಯ ಗೆರ್ಹಾರ್ಡ್ ಡೊಮಾಕ್. ಸಲ್ಫಾ ಔಷಧದ ಕೆಲಸಕ್ಕೆ 1939ರ ನೊಬೆಲ್ ಪಡೆದ ವಿಜ್ಞಾನಿಯೂ ಅವರೇ. ಇದು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಒಡೆದು ಕೊಲ್ಲುತ್ತದೆ. ತೊಂದರೆ ಏನೆಂದರೆ ಬ್ಯಾಕ್ಟೀರಿಯಾದ ಪೊರೆ ಯಾವುದು, ನಮ್ಮ ಕಣ್ಣಿನ ಜೀವಕೋಶದ ಪೊರೆ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಕಣ್ಣೀರಿನ ಮೇಲೆ ತೆಳುವಾದ ಎಣ್ಣೆಯ ಪದರವಿದೆ, ಕಣ್ಣೀರು ಬೇಗ ಆರಿಹೋಗದಂತೆ ಕಾಯುವುದು ಅದೇ. ಜಿಡ್ಡಿನ ಪಾತ್ರೆಗೆ ಸಾಬೂನು ಹಾಕಿದಂತೆ ಈ ರಾಸಾಯನಿಕ ಆ ಪದರವನ್ನು ಚದುರಿಸುತ್ತದೆ. ಲೋಳೆ ಸ್ರವಿಸುವ ಕೋಶಗಳು ಕಡಿಮೆಯಾಗುತ್ತವೆ, ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗದ, ಮೇಲ್ಪದರದಲ್ಲಿ ಚುಕ್ಕಿ ಚುಕ್ಕಿಯಾಗಿ ಗಾಯವಾಗುತ್ತದೆ. ಉಸುಕು ಬಿದ್ದಂತೆ ಚುಚ್ಚುವುದು ಆಗಲೇ. ಡಾಕ್ಟರು ಕಣ್ಣಿಗೆ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದರೆ ಆ ಚುಕ್ಕಿಗಳು ಕಾಣುತ್ತವೆ.

ಹತ್ತು ದಿನ ಹಾಕುವ ಹನಿಯಲ್ಲಿ ಇದರಿಂದ ಬಹುತೇಕರಿಗೆ ಏನೂ ಆಗುವುದಿಲ್ಲ. ಅವ್ವನ ಲೆಕ್ಕ ಬೇರೆ. ದಿನಕ್ಕೆ ಮೂರು ಹನಿ ಎಂದರೆ ಪ್ರತಿ ಕಣ್ಣಿಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು. ಎರಡೂ ಬಾಟಲಿಗಳಲ್ಲಿ ಇದೇ ಸಂರಕ್ಷಕವಿದ್ದರೆ ಅಷ್ಟೂ ಸಲ ಕಣ್ಣು ಅದನ್ನು ತಾಳಿಕೊಳ್ಳಬೇಕು. ಮೊದಮೊದಲು ಏನೂ ಆಗದೆ ಈಗ ಶುರುವಾಗಿದೆ ಎಂದು ನೀವು ಬರೆದಿದ್ದೀರಿ, ಸಂರಕ್ಷಕದ ತೊಂದರೆ ಬರುವುದು ಸಾಮಾನ್ಯವಾಗಿ ಹೀಗೆಯೇ.

ಇದು ಒಂದು ಬಗೆ, ಬರೀ ಕೆರಳಿಕೆ. ಇನ್ನೊಂದು ನಿಜವಾದ ಅಲರ್ಜಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ವಸ್ತುವನ್ನು ಗುರುತಿಟ್ಟುಕೊಂಡು, ಪ್ರತಿ ಸಲ ಸೋಕಿದ ಒಂದೆರಡು ದಿನಕ್ಕೆ ಚರ್ಮದಲ್ಲಿ ಇಸುಬು ಎಬ್ಬಿಸುತ್ತದೆ. ಕೆರಳಿಕೆಯಲ್ಲಿ ಉರಿ ಮುಂದಾದರೆ ಅಲರ್ಜಿಯಲ್ಲಿ ತುರಿಕೆ ಮುಂದು. ಹನಿ ಇಳಿದು ಹರಿಯುವ ಕೆಳರೆಪ್ಪೆ, ಕೆನ್ನೆಯ ಮೇಲ್ಭಾಗ ಕೆಂಪಾಗಿ ಸಿಪ್ಪೆ ಏಳುತ್ತದೆ. ಕೆರಳಿಕೆಗಿಂತ ಅಲರ್ಜಿ ಅಪರೂಪ. ಎರಡೂ ಒಟ್ಟಿಗೆ ಇರಲೂಬಹುದು, ನಿಮ್ಮ ವಿವರಣೆಯಲ್ಲಿ ಎರಡರ ನೆರಳೂ ಕಾಣುತ್ತಿದೆ. ಸಂರಕ್ಷಕದ ಮೇಲಷ್ಟೇ ಅಪವಾದ ಹೊರಿಸುವುದೂ ಸರಿಯಲ್ಲ. ಬ್ರಿಮೊನಿಡಿನ್, ಡಾರ್ಜೊಲಮೈಡ್ ಎಂಬ ಗ್ಲಾಕೋಮಾ ಔಷಧಗಳು ತಾವಾಗಿಯೇ ಕೆಲವರಿಗೆ ರೆಪ್ಪೆಯ ಅಲರ್ಜಿ ಉಂಟುಮಾಡುತ್ತವೆ. ಕಣ್ಣನ್ನು ಪರೀಕ್ಷಿಸದೆ ಇದನ್ನು ಬಿಡಿಸಿ ಹೇಳಲಾಗದು.

ನಮ್ಮ ಕಡೆಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಶಹಾಬಾದಿನ ಕಲ್ಲುಗಣಿ, ಸೇಡಂ ಮತ್ತು ವಾಡಿಯ ಸಿಮೆಂಟ್, ತೊಗರಿಬೇಳೆ ಮಿಲ್ಲುಗಳ ಧೂಳು, ರಾತ್ರಿಯಿಡೀ ಮುಖಕ್ಕೆ ನೇರವಾಗಿ ಬೀಸುವ ಕೂಲರ್. ಮೊದಲೇ ಒಣಗಿದ ಕಣ್ಣಿಗೆ ಸಂರಕ್ಷಕದ ಪೆಟ್ಟು ಜೋರಾಗಿಯೇ ತಾಗುತ್ತದೆ. ಹೊಲಕ್ಕೆ ಹೋಗುವವರಾದರೆ ಕಾಂಗ್ರೆಸ್ ಕಸವನ್ನು ಮರೆಯಬೇಡಿ. ಪಾರ್ಥೇನಿಯಂ ಎಂಬ ಆ ಕಳೆಯ ಧೂಳು ಗಾಳಿಯಲ್ಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಇಸುಬು ಎಬ್ಬಿಸುತ್ತದೆ. ಅವ್ವನಿಗೆ ರೆಪ್ಪೆಯಲ್ಲಷ್ಟೇ ಇದೆಯೋ, ಕುತ್ತಿಗೆಯಲ್ಲೂ ಇದೆಯೋ ನೋಡಿ. ಕುತ್ತಿಗೆಯಲ್ಲೂ ಇದ್ದರೆ ಹನಿಯ ಮೇಲಿನ ಅನುಮಾನ ಸಡಿಲವಾಗುತ್ತದೆ. ಸುರುಮಾ, ಕಾಡಿಗೆ ಹಚ್ಚುವ ರೂಢಿಯಿದ್ದರೆ ಸದ್ಯಕ್ಕೆ ಬಿಡಿಸಿ. ಸುರುಮಾದಲ್ಲಿ ಸೀಸ ಇರುವ ಸಂಭವವೂ ಇದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಉರಿ ಎಂದೊಡನೆ ಯಾರೋ ಹೇಳಿದರೆಂದು ಜನ ಅಂಗಡಿಗೆ ಬಂದು ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಇರುವ ಹನಿ ಕೇಳುತ್ತಾರೆ. ಇವು ಸ್ಟೀರಾಯ್ಡ್. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ಆಮೇಲೆ ಮನೆಯಲ್ಲಿ ಯಾರ ಕಣ್ಣು ಕೆಂಪಾದರೂ ಅದೇ ಬಾಟಲಿ. ಸ್ಟೀರಾಯ್ಡ್ ಹನಿ ಕಣ್ಣಿನ ಒತ್ತಡವನ್ನು ಏರಿಸುತ್ತದೆ, ಕಣ್ಣಿನ ಪೊರೆ ಬರಿಸುತ್ತದೆ, ಕೆಲವು ಸೋಂಕುಗಳನ್ನು ಕೆರಳಿಸುತ್ತದೆ. ಗ್ಲಾಕೋಮಾ ಇರುವ ಅವ್ವನಿಗೆ ಅದನ್ನು ಡಾಕ್ಟರು ಹೇಳದೆ ಹಾಕುವುದು, ಯಾವ ಕಾಯಿಲೆಗೆ ಚಿಕಿತ್ಸೆ ನಡೆದಿದೆಯೋ ಅದನ್ನೇ ಬೆಳೆಸಿದಂತೆ. ಅಂಥ ಹನಿಗಳಲ್ಲೂ ಹಲವು ಬಾರಿ ಇದೇ ಬೆಂಜಾಲ್ಕೋನಿಯಂ ಇರುತ್ತದೆ. ಕೆಂಪು ಓಡಿಸುವ ನ್ಯಾಫಜೋಲಿನ್ ಹನಿಯದೂ ಕೆಟ್ಟ ಚಾಳಿ, ಪರಿಣಾಮ ಇಳಿದ ಮೇಲೆ ಕಣ್ಣು ಮೊದಲಿಗಿಂತ ಕೆಂಪಾಗಬಹುದು. ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿ ಕೊಡುವ ಅಂಗಡಿಯವರೂ ಈ ತಪ್ಪಿನಲ್ಲಿ ಪಾಲುದಾರರು ಎಂದೇ ನಾನು ಭಾವಿಸುತ್ತೇನೆ.

ಡಾಕ್ಟರ ಕೈಯಲ್ಲಿ ದಾರಿಗಳು ಬೇಕಾದಷ್ಟಿವೆ. ಅದೇ ಔಷಧವನ್ನು ಬೇರೆ ಸಂರಕ್ಷಕವಿರುವ ಅಥವಾ ಸಂರಕ್ಷಕವೇ ಇಲ್ಲದ ರೂಪದಲ್ಲಿ ಬರೆಯಬಹುದು. ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್ ಎಂಬ ಮೃದುವಾದ ಸಂರಕ್ಷಕವಿರುವ ಹನಿಗಳು ನಮ್ಮ ಅಂಗಡಿಗಳಿಗೂ ಬರುತ್ತವೆ. ಒಮ್ಮೆ ಮಾತ್ರ ಬಳಸುವ ಚಿಕ್ಕ ಪ್ಲಾಸ್ಟಿಕ್ ಕೊಳವೆಗಳೂ ಇವೆ. ಅವು ದುಬಾರಿ, ಆದರೆ ಉಳಿಸುವ ಆಸೆಯಿಂದ ಒಡೆದದ್ದನ್ನು ಮರುದಿನಕ್ಕೆ ಇಟ್ಟರೆ ಸಂರಕ್ಷಕವಿಲ್ಲದ ಆ ದ್ರವವೇ ಸೋಂಕಿನ ಮೂಲವಾದೀತು. ಎರಡು ಔಷಧ ಒಂದೇ ಬಾಟಲಿಯಲ್ಲಿರುವ ಹನಿ ಕೊಟ್ಟರೆ ಸಂರಕ್ಷಕ ಬೀಳುವ ಸಲಗಳೇ ಕಡಿಮೆಯಾಗುತ್ತವೆ. ಕೆಲವರಿಗೆ ಲೇಸರ್ ಚಿಕಿತ್ಸೆಯಿಂದ ಹನಿಗಳನ್ನು ತಗ್ಗಿಸಲೂ ಸಾಧ್ಯ. ಖರ್ಚಿನ ಚಿಂತೆಯಿದ್ದರೆ ಸಂಕೋಚಪಡದೆ ಡಾಕ್ಟರಿಗೆ ಹೇಳಿ. ಕೊಳ್ಳಲಾಗದ ಔಷಧ ಬರೆಸಿಕೊಂಡು ಬಂದು ಸುಮ್ಮನಾಗುವುದರಿಂದ ಕಣ್ಣಿಗೆ ಲಾಭವಿಲ್ಲ.

ಹಾಕುವ ಕ್ರಮದಲ್ಲೂ ಉರಿಯನ್ನು ಒಂದಿಷ್ಟು ಕಡಿಮೆ ಮಾಡಬಹುದು. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೆ ಹರಿಯುತ್ತದಷ್ಟೆ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಹೊರಗೆ ಇಳಿದದ್ದನ್ನು ಶುಭ್ರವಾದ ಬಟ್ಟೆಯಿಂದ ಕೂಡಲೇ ಒರೆಸಿ. ರೆಪ್ಪೆಯ ಚರ್ಮಕ್ಕೆ ಇದರಿಂದ ಬಹಳ ಉಪಕಾರ. ಎರಡು ಹನಿಗಳ ನಡುವೆ ಐದು ನಿಮಿಷವಾದರೂ ಅಂತರವಿರಲಿ. ತೆರೆದ ಬಾಟಲಿಯ ಮೇಲೆ ದಿನಾಂಕ ಬರೆಯಿರಿ. ಹೆಚ್ಚಿನವನ್ನು ಒಂದು ತಿಂಗಳಿಗೆ ಎಸೆಯಬೇಕು, ಡಬ್ಬಿಯ ಮೇಲೆ ಬರೆದಿರುತ್ತದೆ. ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮನೆಯಲ್ಲಿದ್ದರೆ ಅವರಿಗೂ ಒಂದು ಮಾತು: ಲೆನ್ಸ್ ಬೆಂಜಾಲ್ಕೋನಿಯಂ ಅನ್ನು ಹೀರಿಕೊಂಡು ಮೆಲ್ಲನೆ ಕಣ್ಣಿಗೆ ಬಿಡುತ್ತದೆ, ಹನಿ ಹಾಕಿ ಹದಿನೈದು ನಿಮಿಷವಾದ ಮೇಲೆಯೇ ಲೆನ್ಸ್ ಧರಿಸಬೇಕು.

ಅವ್ವನ ಕೈಗಳನ್ನೂ ಒಮ್ಮೆ ನೋಡಿ. ಇದೇ ರಾಸಾಯನಿಕ ಹೆಚ್ಚು ಪ್ರಮಾಣದಲ್ಲಿ ನೆಲ ಒರೆಸುವ ದ್ರವಗಳಲ್ಲಿದೆ, ಆಲ್ಕೋಹಾಲ್ ಇಲ್ಲದ ಕೆಲವು ಸ್ಯಾನಿಟೈಸರುಗಳಲ್ಲೂ ಇದೆ. ಬರಿಗೈಯಲ್ಲಿ ಬಟ್ಟೆ ಅದ್ದಿ ಹಿಂಡುವವರ ಬೆರಳ ಸಂದಿ ಒಡೆದು ಉರಿಯುವುದು ಸಾಮಾನ್ಯ. ಬಾಟಲಿಯ ಮೇಲೆ ಹೇಳಿದಷ್ಟೇ ನೀರು ಬೆರೆಸಿ, ಕೈಗವಸು ಹಾಕಿ. ಬಕೆಟ್ಟಿಗೆ ಸೋಪಿನ ಪುಡಿಯನ್ನೂ ಸೇರಿಸಬೇಡಿ, ಎರಡೂ ಒಂದನ್ನೊಂದು ಕೆಡಿಸಿ ಸೂಕ್ಷ್ಮಾಣು ಕೊಲ್ಲುವ ಗುಣವೇ ಇಳಿದುಹೋಗುತ್ತದೆ. ನೀರು ಬೆರೆಸದ ದ್ರವ ಕಣ್ಣಿಗೆ ಸಿಡಿದರೆ ಹದಿನೈದಿಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಗಾರೆ ಕೆಲಸದವರ ಕೈಯ ಇಸುಬಿಗೆ ಕಾರಣ ಹೆಚ್ಚಾಗಿ ಸಿಮೆಂಟಿನಲ್ಲಿರುವ ಕ್ರೋಮಿಯಂ, ಅದನ್ನು ಇದರ ಲೆಕ್ಕಕ್ಕೆ ಸೇರಿಸಬಾರದು.

ಅಲರ್ಜಿ ಹೌದೋ ಅಲ್ಲವೋ ಎಂದು ತಿಳಿಯಲು ಚರ್ಮರೋಗ ತಜ್ಞರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಶಂಕಿತ ವಸ್ತುಗಳನ್ನು ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ, ಎರಡು ದಿನಕ್ಕೆ ಬಿಚ್ಚಿ, ನಾಲ್ಕನೆಯ ದಿನದ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ಆ ದಿನಗಳಲ್ಲಿ ಬೆನ್ನು ನೆನೆಯಬಾರದು, ಬೆವರಬಾರದು, ಆದ್ದರಿಂದ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು ಇದಕ್ಕೆ ಒಳ್ಳೆಯದಲ್ಲ. ಯಾದಗಿರಿ, ಕಲಬುರಗಿ, ಬೀದರ್ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಕಣ್ಣಿನ ಮತ್ತು ಚರ್ಮದ ವಿಭಾಗಗಳು ಒಂದೇ ಆವರಣದಲ್ಲಿ ಸಿಗುತ್ತವೆ. ಮೊದಲು ಕಣ್ಣಿನ ವಿಭಾಗಕ್ಕೆ ಹೋಗಿ. ಅವ್ವ ಬಳಸುವ ಎಲ್ಲ ಹನಿಗಳನ್ನೂ ಡಬ್ಬಿಯ ಸಮೇತ ಒಂದು ಚೀಲದಲ್ಲಿ ಒಯ್ಯಿರಿ, ಖಾಲಿಯಾದ ಹಳೆಯ ಬಾಟಲಿಗಳೂ ಇರಲಿ. ಹೆಸರು ಬಾಯಲ್ಲಿ ಹೇಳಿದರೆ ಸಾಲದು, ಡಾಕ್ಟರು ಓದಬೇಕಾದದ್ದು ಆ ಸಣ್ಣ ಅಕ್ಷರದ ಸಾಲನ್ನು.