ಸೈಕಲ್ ಬಿಲ್ಲೆಯಿಂದ ಸೈಕಲ್ ಲೇನ್‌ವರೆಗೆ

ಅಪ್ಪನ ಸೈಕಲ್ ಬಿಲ್ಲೆ ನಮ್ಮನೆಯ ಹಳೇ ಟ್ರಂಕಿನಲ್ಲಿ ಇನ್ನೂ ಇದೆ. ಅಂಚು ಸವೆದು, ನಂಬರು ಅರ್ಧ ಅಳಿಸಿದೆ. ಸೈಕಲ್ ಇಟ್ಟವರು ಪುರಸಭೆಗೆ ತೆರಿಗೆ ಕಟ್ಟಿ ಅದನ್ನು ಪಡೆಯುತ್ತಿದ್ದ ಕಾಲವೊಂದಿತ್ತು. ರಾತ್ರಿ ಲೈಟಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು, ಇಲ್ಲವೇ ಚಕ್ರದ ಗಾಳಿ ಬಿಡುತ್ತಿದ್ದರು. ಡಬಲ್ ರೈಡ್ ಹೋಗುವವರು ಸರ್ಕಲ್ ಬಂತೆಂದರೆ ಹಿಂದಿನವರನ್ನು ಇಳಿಸಿ, ದಾಟಿದ ಮೇಲೆ ಮತ್ತೆ ಹತ್ತಿಸಿಕೊಳ್ಳುತ್ತಿದ್ದರು. ಲೈಟು ಉರಿಸುವ ಡೈನಮೊ ಚಕ್ರಕ್ಕೆ ತಾಗಿದ ಕೂಡಲೇ ಪೆಡಲ್ ಭಾರ ಆಗುತ್ತಿತ್ತು. ಆದರೂ ಅಪ್ಪ ಅದನ್ನು ತೆಗೆಯಲಿಲ್ಲ.

ಆಮೇಲೆ ಬೈಕು, ಸ್ಕೂಟರು ಜಾಸ್ತಿಯಾದವು. ಬಿಲ್ಲೆ ಮರೆಯಾಯಿತು. 1988ರ ಮೋಟಾರು ವಾಹನ ಕಾಯ್ದೆ, ಹೆಸರೇ ಹೇಳುವಂತೆ, ಮೋಟಾರು ವಾಹನಗಳದ್ದು. ಸೈಕಲ್ಲಿಗೆ ನಂಬರ್ ಪ್ಲೇಟೂ ಇಲ್ಲ, ಲೈಸೆನ್ಸೂ ಇಲ್ಲ. ಹಾಗಂತ ಸೈಕಲ್ಲಿಗೆ ಯಾವ ಕಾನೂನೂ ಇಲ್ಲ ಅಂದುಕೊಳ್ಳಬೇಡಿ. ಹಳೇ ದಂಡ ಸಂಹಿತೆಯ 279ನೇ ಸೆಕ್ಷನ್, ಈಗಿನ ನ್ಯಾಯ ಸಂಹಿತೆಯ 281, ಯಾವುದೇ ವಾಹನವನ್ನು ಅಜಾಗರೂಕತೆಯಿಂದ ಓಡಿಸುವುದಕ್ಕೆ ಅನ್ವಯಿಸುತ್ತದೆ. ಆದರೆ ಸಿಗ್ನಲ್ ಹಾರಿದ ಸೈಕಲ್ಲನ್ನು ನಿಲ್ಲಿಸಿ ಕೇಳುವ ರೂಢಿ ಹೆಚ್ಚು ಕಡಿಮೆ ಹೋಗಿಯೇಬಿಟ್ಟಿದೆ.

ಈ ನಡುವೆ ಪ್ರೋತ್ಸಾಹದ ಕೆಲಸಗಳು ಶುರುವಾದವು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. 2017ರ ಜೂನ್‌ನಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂತು: 450 ಸೈಕಲ್, 48 ನಿಲ್ದಾಣ. ಮೈಸೂರಿನ ಅಗಲ ರಸ್ತೆಗಳಿಗೆ ಒಪ್ಪುವ ಯೋಜನೆ ಅದು, ಹೆಸರು ಕೇಳಿದರೇ ಬೆಲ್ ಬಾರಿಸಿದ ಹಾಗಿದೆ.

ಬೆಂಗಳೂರಿನ ಕಥೆ ಬೇರೆ. 2020ರಲ್ಲಿ ಕೋವಿಡ್ ಲಾಕ್‌ಡೌನ್ ತೆರವಾಗುತ್ತಿದ್ದ ಹೊತ್ತಿಗೆ ನಗರ ಭೂಸಾರಿಗೆ ನಿರ್ದೇಶನಾಲಯ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದ ಕಡೆಗೆ, ಸೈಕಲ್ಲಿಗೆಂದೇ ಲೇನ್ ಮಾಡಿಸಿತು. ಬಣ್ಣ ಬಳಿದು, ಕಂಬ ನೆಟ್ಟು, ರಸ್ತೆಯ ಒಂದಂಚನ್ನು ಬೇರ್ಪಡಿಸಿದರು. ನೋಡಿದಾಗ ಖುಷಿಯಾಗಿತ್ತು. ಆದರೆ ಟ್ರಾಫಿಕ್ ಜಾಮ್ ಆದಾಗಲೆಲ್ಲ ಬೈಕಿನವರು ಒಳಗೆ ನುಗ್ಗಿದರು. ಕಂಬಗಳು ಮುರಿದವು. ಆಮೇಲೆ ಮೆಟ್ರೊ ಕಾಮಗಾರಿ ಬಂದು ಲೇನ್ ಹೋಯಿತು. 2021ರಲ್ಲಿ ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕಿಗಾಗಿ ಒಂದು ಮಸೂದೆಯ ಕರಡೂ ತಯಾರಾಯಿತು.

ಸೈಕಲ್ ಸವಾರರ ತಪ್ಪನ್ನು ಮುಚ್ಚಿಡುವ ಅಗತ್ಯವಿಲ್ಲ. ರಾಂಗ್ ಸೈಡ್ ಬರುವವರಿದ್ದಾರೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿದ್ದಾರೆ, ರಾತ್ರಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದವರಿದ್ದಾರೆ. ಇಷ್ಟೊಂದು ಜನ ಸೈಕಲ್ ತುಳಿಯುವ ನೆದರ್‌ಲ್ಯಾಂಡ್ಸ್‌ನಲ್ಲೂ 2019ರ ಜುಲೈನಿಂದ ಸೈಕಲ್ ಮೇಲೆ ಮೊಬೈಲ್ ಹಿಡಿದರೆ ದಂಡ. ಆದರೆ ಅಲ್ಲಿ 1970ರ ದಶಕದಲ್ಲಿ ರಸ್ತೆಯಲ್ಲಿ ಮಕ್ಕಳು ಸಾಯುವುದನ್ನು ನಿಲ್ಲಿಸಿ ಎಂದು ಜನ ಬೀದಿಗಿಳಿದಿದ್ದರು. ಆಮೇಲೆ ದಶಕಗಟ್ಟಲೆ ದಾರಿಗಳನ್ನು ಕಟ್ಟಿದರು. ದಾರಿ ಕೊಟ್ಟವರು ನಿಯಮ ಕೇಳಿದರೆ ಜನ ಒಪ್ಪುತ್ತಾರೆ, ಅಲ್ವಾ?

ನಮ್ಮಲ್ಲಿ ದಂಡ ಹಾಕುವುದು ಸೈಕಲ್ ಲೇನಿನಲ್ಲಿ ಗಾಡಿ ನಿಲ್ಲಿಸುವವರಿಂದ ಶುರುವಾಗಬೇಕು. ಸೈಕಲ್ಲಿನವರಿಂದ ಮೊದಲು ಕೇಳಬೇಕಾದ್ದು ಎರಡು: ಲೈಟು ಮತ್ತು ಸರಿಯಾದ ದಿಕ್ಕು. ಲೈಟಿಲ್ಲದವರಿಗೆ ಮೊದಲ ಸಲ ದಂಡದ ಬದಲು ಲೈಟನ್ನೇ ಕೊಡಲಿ. ದಿಕ್ಕಿನ ವಿಷಯ ಅಷ್ಟು ಸುಲಭವಲ್ಲ. ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹೊರಟ ಸೆಕ್ಯೂರಿಟಿ ಗಾರ್ಡ್ ಒಬ್ಬರನ್ನು ರಾಂಗ್ ಸೈಡಿನಲ್ಲಿ ನೋಡಿ, ಯಾಕಣ್ಣ ಹೀಗೆ ಅಂದೆ. ಅವರು ಕೈ ತೋರಿಸಿದರು. ಅವರ ರೂಮು ಎದುರಿಗೇ ಕಾಣುತ್ತಿತ್ತು. ಯು ಟರ್ನ್ ಮಾತ್ರ ಆ ಫ್ಲೈಓವರ್ ದಾಟಿದ ಮೇಲೆ.